ಸಂತೆ ಥರ ಇರೋ ಊರಲ್ಲಿ ಜಪ ತಪ ಹೆಂಗ್ರೀ? ಪದೇ ಪದೇ ಕೇಳೋ ಪ್ರಶ್ನೆಗಳು

ಮೊದ್ಲು ನಾವ್ಯಾರು ಅಂತ ಹೇಳ್ಬಿಡ್ತೀನಿ. ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮನೆ ಮಹಡಿ ಮೇಲೆ ಭಾನುವಾರ ಬೆಳಗ್ಗೆ ಒಂದು ಹತ್ತು ಹನ್ನೆರಡು ಜನ ಕೂರ್ತೀವಿ. ಸಂಘ ಅಲ್ಲ, ಟ್ರಸ್ಟ್ ಅಲ್ಲ, ಬ್ಯಾನರ್ ಇಲ್ಲ. ಜಪ ಮಾಡೋರು ಜಪ ಮಾಡ್ತಾರೆ, ಲಿಂಗಪೂಜೆ ಮಾಡೋರು ಲಿಂಗಪೂಜೆ, ಒಬ್ರು ಜೈನರಿದಾರೆ ಅವ್ರು ಸಾಮಾಯಿಕ ಅಂತ ಅವ್ರ ಧ್ಯಾನ, ಇನ್ನೂ ಏನೂ ತೀರ್ಮಾನ ಆಗ್ದೇ ಇರೋರು ಸುಮ್ನೆ ಕಣ್ಮುಚ್ಕೊಂಡು ಕೂರ್ತಾರೆ. ಆಮೇಲೆ ಕಾಫಿ. ಕಾಫಿ ಹೊತ್ತಲ್ಲಿ ಬರೋ ಪ್ರಶ್ನೆಗಳು ಮಾತ್ರ ಆರು ವರ್ಷದಿಂದ ಅವೇ, ಜನ ಬದಲಾಗ್ತಾರೆ ಪ್ರಶ್ನೆ ಬದಲಾಗಲ್ಲ, ಅದಕ್ಕೆ ಒಂದ್ಸಲ ಬರೆದಿಟ್ಬಿಡೋಣ ಅಂತ. ನಾನು ಸ್ವಾಮೀಜಿ ಅಲ್ಲ. ಸಾಫ್ಟ್‌ವೇರ್ ಸಪೋರ್ಟಲ್ಲಿ ಕೆಲಸ, ರಾತ್ರಿ 2ಕ್ಕೆ ಸರ್ವರ್ ಬಿತ್ತು ಅಂತ ಫೋನ್ ಬಂದ್ರೆ ಎದ್ದು ಕೂರ್ಬೇಕು. ಅಂಥೋನ ಮಾತು ಇದು ಅಂತ ತಿಳ್ಕೊಂಡು ಓದಿ.

ಪ್ರಶ್ನೆ: ಕೂತು ಎರಡು ನಿಮಿಷ ಆಗಿರಲ್ಲ, ಮನಸ್ಸು ಎಲ್ಲೆಲ್ಲೋ ಹೋಗತ್ತೆ. ನನಗೆ ಇದು ಆಗಿಬರಲ್ಲ ಅನ್ಸತ್ತೆ.

ಎರಡು ನಿಮಿಷ ನಿಲ್ತಾ? ಪರವಾಗಿಲ್ವೇ!

ತಮಾಷೆ ಅಲ್ಲ. ಗೀತೇಲಿ 6ನೇ ಅಧ್ಯಾಯದಲ್ಲಿ ಅರ್ಜುನ ಕೇಳೋದೂ ಇದನ್ನೇ, ಮನಸ್ಸನ್ನ ಹಿಡಿಯೋದು ಗಾಳಿ ಹಿಡಿದಷ್ಟೇ ಕಷ್ಟ ಕಣಪ್ಪಾ ಅಂತಾನೆ, ಕೃಷ್ಣ ಅದಕ್ಕೆ ಹಂಗೇನಿಲ್ಲ ಬಿಡು ಅನ್ನಲ್ಲ, ಹೌದು ಕಷ್ಟಾನೇ ಅಂತ ಒಪ್ಕೊಂಡು ಅಭ್ಯಾಸ, ವೈರಾಗ್ಯ ಅಂತ ಎರಡೇ ದಾರಿ ಹೇಳ್ತಾನೆ. ಅವನ ಕೈಲಿ ಫೋನ್ ಇರ್ಲಿಲ್ಲ ಅನ್ನೋದು ನೆನಪಿರ್ಲಿ. ಅಂದ್ರೆ ನಮ್ಮ ತೊಂದರೆಗೆ ಫೋನೇ ಮೂಲ ಅಲ್ಲ, ಫೋನು ಇದ್ದ ರೋಗಕ್ಕೆ ಸಕ್ಕರೆ ಹಾಕ್ತು ಅಷ್ಟೆ.

ನಾನು ಹೇಳೋದು ಒಂದೇ. ಮನಸ್ಸು ಹೋಯ್ತು ಅನ್ನೋದನ್ನ ಲೆಕ್ಕ ಇಡ್ಬೇಡಿ, ವಾಪಸ್ ಬಂತಲ್ಲ ಅದನ್ನ ಲೆಕ್ಕ ಇಡಿ. ಶಿವಾಯ ನಮಃ ಅಂತ ಶುರು ಮಾಡಿರ್ತೀರ, ಯಾವಾಗ್ಲೋ ಅದು ಇಎಂಐ ಆಗಿ, ಇಎಂಐ ಹೋಗಿ ನಾಳೆ ದೋಸೆಗೆ ಅಕ್ಕಿ ನೆನೆಹಾಕ್ಲಿಲ್ಲ ಅಂತ ಆಗಿ, ಅಲ್ಲಿಂದ ನಾದಿನಿ ಮದುವೇಲಿ ಯಾರೋ ಆಡಿದ ಮಾತಿಗೆ ಹೋಗಿರತ್ತೆ. ಅಷ್ಟರಲ್ಲಿ ಅಯ್ಯೋ ಅಂತ ಥಟ್ಟನೆ ಎಚ್ಚರ ಆಗತ್ತೆ ನೋಡಿ, ಅದೇ ಆ ದಿನದ ಸಂಪಾದನೆ. ಇಪ್ಪತ್ತು ನಿಮಿಷದಲ್ಲಿ ನಲವತ್ತು ಸಲ ಹೋಗಿ ನಲವತ್ತು ಸಲ ಬಂದ್ರೆ ಅದು ಕೆಟ್ಟ ದಿನ ಅಲ್ಲ. ಒಂದ್ಸಲಾನೂ ಹೋಗ್ಲಿಲ್ಲ, ಪರಮ ಶಾಂತಿ ಇತ್ತು ಅಂದ್ರೆ ಒಂದೋ ನೀವು ದೊಡ್ಡೋರು, ಇಲ್ಲಾ ನಿದ್ದೆ ಹೋಗಿದ್ರಿ. ನಮ್ಮ ಗುಂಪಲ್ಲಿ ಸಾಮಾನ್ಯವಾಗಿ ಎರಡನೇದು, ಗೊರಕೆ ಕೇಳ್ಸತ್ತೆ.

ಪ್ರಶ್ನೆ: ಫೋನ್ ಸೈಲೆಂಟಲ್ಲಿ ಹಾಕಿ ಪಕ್ಕದಲ್ಲಿ ಇಟ್ಕೊಂಡ್ರೆ ಸಾಕಲ್ವಾ?

ಸಾಲ್ದು. ಬೇರೆ ರೂಮಲ್ಲಿಡಿ.

ನಮ್ಮಜ್ಜಿ ಮಡಿ ಅಂತ ಮಾಡ್ತಿದ್ರು, ಹಿಂದಿನ ರಾತ್ರಿನೇ ಸೀರೆ ಒಗೆದು ಎತ್ತರದ ಗಳದ ಮೇಲೆ ಮಡಿಕೋಲಲ್ಲಿ ಹರವಿ, ಬೆಳಗ್ಗೆ ಅದನ್ನ ಉಟ್ಕೊಂಡ್ಮೇಲೆ ಪೂಜೆ ಮುಗಿಯೋವರೆಗೂ ಯಾರೂ ಮುಟ್ಟೋ ಹಂಗಿಲ್ಲ, ಮೊಮ್ಮಕ್ಕಳು ಓಡಿ ಬಂದ್ರೆ ದೂರ ದೂರ ಅಂತ ಕೂಗೋರು. ಮಡಿ ಮೈಲಿಗೆ ಹೆಸರಲ್ಲಿ ಮನುಷ್ಯರನ್ನ ದೂರ ಇಟ್ಟಿದ್ದು ಬೇರೆ ಕಥೆ, ಅದನ್ನ ನಾನು ಸಮರ್ಥಿಸ್ಕೊಳ್ಳಲ್ಲ, ಅದು ಹೋಗ್ಬೇಕಾಗಿದ್ದೇ. ಆದ್ರೆ ಅದರೊಳಗೆ ಒಂದು ಬುದ್ಧಿವಂತಿಕೆ ಇತ್ತು ಅಂತ ಈಗ ಅನ್ಸತ್ತೆ: ಇಷ್ಟು ಹೊತ್ತು ನನ್ನನ್ನ ಯಾರೂ ಮುಟ್ಟೋ ಹಾಗಿಲ್ಲ, ಬ್ಯಾಂಕೂ ಇಲ್ಲ, ಬಾಸೂ ಇಲ್ಲ. ಆ ಬೇಲಿನ ಮನುಷ್ಯರ ಸುತ್ತ ಹಾಕೋದು ಬಿಟ್ಟು ಫೋನ್ ಸುತ್ತ ಹಾಕಿ. ನಮ್ಮನೇಲಿ ದೇವರ ಕೋಣೆಗೆ ಯಾರು ಬೇಕಾದ್ರೂ ಬರಬಹುದು, ಚಾರ್ಜರ್ ಬರೋ ಹಂಗಿಲ್ಲ.

ನಮ್ಮ ಗುಂಪಲ್ಲಿ ಒಬ್ರು ಆಂಟಿ ಇದಾರೆ, ದಿನಾ ಇಷ್ಟಲಿಂಗ ಪೂಜೆ ಮಾಡ್ತಾರೆ. ಅವ್ರು ಒಂದಿನ ಹೇಳಿದ್ದು ನನಗೆ ಮರೆಯಕ್ಕೇ ಆಗಿಲ್ಲ. ಎಡಗೈ ಅಂಗೈಲಿ ಲಿಂಗ ಇಟ್ಕೊಂಡು ಕಣ್ಣು ಮಿಟುಕಿಸ್ದೆ ನೋಡ್ತೀನಪ್ಪ, ಆಮೇಲೆ ಎದ್ದು ಬಂದು ಅದೇ ಅಂಗೈಲಿ ಫೋನ್ ಹಿಡ್ಕೋತೀನಿ, ಅದೇ ಎತ್ತರ, ಅದೇ ಥರ ಕತ್ತು ಬಗ್ಸಿರ್ತೀನಿ, ಹಂಗೇ ಕಣ್ಣು ಮಿಟುಕಿಸಲ್ಲ, ನಾನು ಯಾರಿಗೆ ಪೂಜೆ ಮಾಡ್ತಿದೀನಿ ಅಂತ ಗಾಬರಿ ಆಯ್ತು ಅಂದ್ರು. ನಾವೆಲ್ಲ ನಕ್ವಿ. ಅವ್ರು ನಗ್ಲಿಲ್ಲ.

ಪ್ರಶ್ನೆ: ಸ್ತೋತ್ರ ಎಲ್ಲ ಫೋನಲ್ಲೇ ಇದೆ, ಜಪ ಎಣಿಸೋಕೂ ಆ್ಯಪ್ ಇದೆ. ಏನ್ ಮಾಡೋದು?

ಸ್ತೋತ್ರ ಪ್ರಿಂಟ್ ತೆಗೆಸ್ಕೊಳ್ಳಿ, ಜೆರಾಕ್ಸ್ ಅಂಗಡೀಲಿ ಹತ್ತಿಪ್ಪತ್ತು ರೂಪಾಯಿ ಕೆಲಸ. ಅವೆನ್ಯೂ ರೋಡಿಗೆ ಹೋದ್ರೆ ದಪ್ಪಕ್ಷರದ ಸ್ತೋತ್ರ ಪುಸ್ತಕಾನೂ ಸಿಗತ್ತೆ.

ಜಪಕ್ಕೆ ಮಾಲೆ ತಗೊಳ್ಳಿ. 108 ಮಣಿ, ಅದ್ರ ಮೇಲೊಂದು ಮೇರುಮಣಿ. ಮೇರು ಬಂದಾಗ ದಾಟಲ್ಲ, ಮಾಲೆ ತಿರುಗಿಸಿ ವಾಪಸ್ ಹೋಗೋದು. ಇದನ್ನ ನಾನು ಬರೀ ಸಂಪ್ರದಾಯ ಅನ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು, ಬೆರಳಿಗೆ ಮೇರು ತಗಲಿದಾಗ ಎಲ್ಲೋ ಹೋಗಿದ್ದ ಮನಸ್ಸಿಗೂ ಒಂದು ತಟ್ಟು ಬೀಳತ್ತೆ. ಆ್ಯಪಲ್ಲಿ ಅದಿಲ್ಲ, ಅದ್ರಲ್ಲಿ 108 ಆದ್ಮೇಲೆ ಕಂಗ್ರಾಜುಲೇಶನ್ಸ್ ಅಂತ ಬಂದು ಕಾಗದದ ಚೂರು ಹಾರತ್ತೆ, ನಿಮ್ಮದು 14 ದಿನದ ಸ್ಟ್ರೀಕ್ ಅಂತ ಹೇಳತ್ತೆ, ಹದಿನೈದನೇ ದಿನ ಜ್ವರ ಬಂದು ತಪ್ಪಿದ್ರೆ ದೇವರಿಗಿಂತ ಸ್ಟ್ರೀಕ್ ಹೋಯ್ತಲ್ಲಾ ಅಂತ ಬೇಜಾರು. ಮಾಲೆ ಇಲ್ದಿದ್ರೆ ಬೆರಳ ಗೆಣ್ಣು ಇದೆ, ಅದಕ್ಕೆ ಚಾರ್ಜ್ ಬೇಡ.

ಪ್ರಶ್ನೆ: ದಿನಕ್ಕೆ ಎಷ್ಟು ಹೊತ್ತು?

ನಮ್ಮ ಹಳೇ ಲೆಕ್ಕದಲ್ಲಿ ಒಂದು ಘಳಿಗೆ ಅಂದ್ರೆ 24 ನಿಮಿಷ. ಎರಡು ಘಳಿಗೆ ಸೇರಿದ್ರೆ ಒಂದು ಮುಹೂರ್ತ, 48 ನಿಮಿಷ, ಜೈನರ ಸಾಮಾಯಿಕಾನೂ ಸರಿಯಾಗಿ ಅಷ್ಟೇ ಹೊತ್ತು. ನೀವು ಅರ್ಧ ಘಳಿಗೆಯಿಂದ ಶುರು ಮಾಡಿ, 12 ನಿಮಿಷ. ಮೊದಲನೇ ದಿನಾನೇ ಒಂದು ಗಂಟೆ ಕೂರ್ತೀನಿ ಅಂತ ಶುರು ಮಾಡಿದೋರು ಎರಡನೇ ವಾರಕ್ಕೆ ನಾಪತ್ತೆ, ನಾನು ಬೇಕಾದಷ್ಟು ನೋಡಿದೀನಿ. ಟೈಮ್ ನೋಡಕ್ಕೆ ಫೋನ್ ಬೇಡ, ಒಂದು ಗಡಿಯಾರ ಇಟ್ಕೊಳ್ಳಿ, ಇಲ್ಲಾ ಊದಿನಕಡ್ಡಿ ಹಚ್ಚಿ, ಅದು ಉರಿಯೋವರೆಗೂ ಕೂತ್ರಾಯ್ತು.

ಪ್ರಶ್ನೆ: ಬ್ರಾಹ್ಮೀ ಮುಹೂರ್ತದಲ್ಲೇ ಏಳ್ಬೇಕಾ?

ಸೂರ್ಯ ಹುಟ್ಟೋಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಇರೋದು ಬ್ರಾಹ್ಮೀ ಮುಹೂರ್ತ. ಬೆಂಗಳೂರಲ್ಲಿ ಸೂರ್ಯೋದಯ ಜೂನಲ್ಲಿ 5:55ರ ಆಸುಪಾಸು, ಜನವರಿ ಕೊನೆಗೆ 6:45ರ ಆಸುಪಾಸು, ಹಂಗಾಗಿ ಒಂದು ಕಡೆ 4:20, ಇನ್ನೊಂದು ಕಡೆ 5:10. ಎದ್ರೆ ಒಳ್ಳೇದು, ಆ ಹೊತ್ತಲ್ಲಿ ಪಕ್ಕದ ಮನೆ ಮಿಕ್ಸಿ ಕೂಡ ಮಲಗಿರತ್ತೆ. ಆದ್ರೆ ಯುಎಸ್ ಶಿಫ್ಟ್ ಮಾಡಿ ರಾತ್ರಿ 1ಕ್ಕೆ ಮಲಗೋರು 4ಕ್ಕೆ ಏಳೋದು ಸಾಧನೆ ಅಲ್ಲ, ಆಫೀಸಲ್ಲಿ ಎಲ್ರ ಮೇಲೆ ರೇಗಾಡೋಕೆ ದಾರಿ. ನಿಮಗೆ ಯಾವಾಗ ಏಳಕ್ಕಾಗತ್ತೋ ಆಗ ಏಳಿ, ಎದ್ದ ತಕ್ಷಣ ಕೈಗೆ ಮೊದಲು ಏನು ತಗೋತೀರ ಅನ್ನೋದು ಮುಖ್ಯ. ಕರಾಗ್ರೇ ವಸತೇ ಲಕ್ಷ್ಮೀ ಅಂತ ಅಂಗೈ ನೋಡ್ಕೊಳ್ಳೋ ಅಭ್ಯಾಸ ಇತ್ತಲ್ವಾ, ಈಗ್ಲೂ ಅಂಗೈನೇ ನೋಡ್ತೀವಿ, ಮಧ್ಯೆ ಸ್ಕ್ರೀನ್ ಬಂದಿದೆ.

ಪ್ರಶ್ನೆ: ಈ ಬೆಂಗಳೂರಲ್ಲಿ ಇದೆಲ್ಲ ಆಗೋ ಮಾತಲ್ಲ. ರಿಟೈರ್ ಆಗಿ ಊರಿಗೆ ಹೋದ್ಮೇಲೆ ನೋಡೋಣ ಅಂತಿದೀನಿ.

ಇದಕ್ಕೆ ಸ್ವಲ್ಪ ಉದ್ದ ಉತ್ತರ ಇದೆ, ಕಾಫಿ ತಗೊಂಡು ಬನ್ನಿ.

ಚೈತ್ರ ಹುಣ್ಣಿಮೆ ರಾತ್ರಿ ಒಂದ್ಸಲ ತಿಗಳರಪೇಟೆಗೆ ಹೋಗಿ ನಿಂತ್ಕೊಳ್ಳಿ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಮಧ್ಯರಾತ್ರಿ ಕಳೆದ ಮೇಲೆ ಕರಗ ಹೊರಡತ್ತೆ. ಹೊತ್ತಿರೋರು ಗಂಡಸು, ಉಟ್ಟಿರೋದು ಸೀರೆ, ತಲೆ ಮೇಲೆ ಮಲ್ಲಿಗೆ ಹೂವಿನ ಎತ್ತರದ ಕರಗ. ಅದನ್ನ ಕೈಲಿ ಹಿಡಿಯೋ ಹಂಗಿಲ್ಲ. ಸುತ್ತ ವೀರಕುಮಾರರು ಬಿಚ್ಚುಗತ್ತಿ ಹಿಡ್ಕೊಂಡು ಗೋವಿಂದಾ ಗೋವಿಂದಾ ಅಂತ ಓಡ್ತಿರ್ತಾರೆ, ಕರಗ ಬಿದ್ರೆ ಹೊತ್ತೋರ ಮೇಲೆ ಆ ಕತ್ತಿ ಬೀಳತ್ತೆ ಅನ್ನೋದು ತಲೆಮಾರಿಂದ ಬಂದಿರೋ ಮಾತು. ಜನ ಅಂದ್ರೆ ಜನ, ಪೀಪಿ, ತಮಟೆ, ಕಡ್ಲೆಪುರಿ ಅಂಗಡಿ, ಮಹಡಿ ಮೇಲಿಂದ ಮಲ್ಲಿಗೆ ಎರಚೋರು, ಈಗ ಮುಖದ ಮುಂದೆ ಸಾವಿರ ಫೋನ್ ಟಾರ್ಚು ಬೇರೆ. ಪೇಟೆ ಬೀದಿ ಬೀದಿ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಬೆಳಗಾಗೋವರೆಗೂ ನಡೀತಾರೆ, ಕುಣೀತಾರೆ, ಕರಗ ಅಲ್ಲಾಡತ್ತೆ ಆದ್ರೆ ಬೀಳಲ್ಲ.

ಅವ್ರು ಗಲಾಟೆ ನಿಲ್ಸಿ ಆಮೇಲೆ ಹೊರಡ್ತೀನಿ ಅನ್ನಲ್ಲ. ಇದು ನಮ್ಮೂರು, ನಮ್ಮೂರ ಹಬ್ಬ. ಏಕಾಗ್ರತೆ ಅಂದ್ರೆ ಹಿಮಾಲಯದ ಗುಹೆ ಫೋಟೋನೇ ನಮಗೆ ಯಾಕೆ ನೆನಪಾಗತ್ತೋ ಗೊತ್ತಿಲ್ಲ, ಚಿಕ್ಕಪೇಟೆ ಗಲ್ಲೀಲಿ ವರ್ಷಕ್ಕೊಂದ್ಸಲ ಇಡೀ ರಾತ್ರಿ ತೋರಿಸ್ತಾರಲ್ಲ.

ಮತ್ತೆ ಊರಿಗೆ ಹೋದ್ಮೇಲೆ ಅಂದ್ರಲ್ಲ, ಊರಲ್ಲೂ ಈಗ 5ಜಿ ಇದೆ. ನಮ್ಮ ಚಿಕ್ಕಪ್ಪ ಹಾಸನದ ಹತ್ರ ತೋಟದಲ್ಲಿ ಒಬ್ರೇ ಇರೋದು, ಅವ್ರ ಸ್ಕ್ರೀನ್ ಟೈಮು ನನಗಿಂತ ಜಾಸ್ತಿ.

ಪ್ರಶ್ನೆ: ನಾನು ರೀಲ್ಸಲ್ಲಿ ಸಿನಿಮಾ ಗಿನಿಮಾ ನೋಡಲ್ಲ, ಬರೀ ಪ್ರವಚನ, ಭಜನೆ, ದೇವಸ್ಥಾನದ ವಿಡಿಯೋ. ಅದು ಒಳ್ಳೇದೇ ಅಲ್ವಾ?

ಬೈಕೋಬೇಡಿ, ನನ್ನ ಪ್ರಕಾರ ಅತೀ ಮೋಸದ ಡಿಸ್ಟ್ರಾಕ್ಷನ್ ಇದೇನೇ. ಸಿನಿಮಾ ಹಾಡು ನೋಡಿ ಒಂದು ಗಂಟೆ ಹಾಳಾದ್ರೆ ಛೇ ಅಂತ ಅನ್ಸತ್ತೆ, ಎದ್ದು ಹೋಗ್ತೀರ. ಪ್ರವಚನದ ತುಂಡುಗಳು ನೋಡಿ ಒಂದು ಗಂಟೆ ಹೋದ್ರೆ ಪುಣ್ಯ ಬಂತು ಅನ್ಸತ್ತೆ, ಏಳೋದೇ ಇಲ್ಲ. ನನಗಾಗಿರೋದೇ ಹೇಳ್ತೀನಿ. ಎರಡು ವರ್ಷ ನಾನು ಬೆಳಗ್ಗೆ ಜಪ ಬಿಟ್ಟಿದ್ದೆ, ಬಿಟ್ಟಿದ್ದು ಗೊತ್ತೇ ಆಗಿರ್ಲಿಲ್ಲ, ಯಾಕಂದ್ರೆ ಜಪದ ಬಗ್ಗೆ ದಿನಾ ಹತ್ತು ವಿಡಿಯೋ ನೋಡ್ತಿದ್ದೆ. ಯಾವ ಮಾಲೆ ಒಳ್ಳೇದು, ತುಳಸೀನಾ ರುದ್ರಾಕ್ಷೀನಾ ಸ್ಫಟಿಕಾನಾ, ಯಾವ ದಿಕ್ಕಿಗೆ ಕೂರ್ಬೇಕು, ವಾಚಿಕ ಅಂದ್ರೇನು ಉಪಾಂಶು ಅಂದ್ರೇನು ಮಾನಸಿಕ ಅಂದ್ರೇನು, ಎಲ್ಲಾ ಬಾಯಿಪಾಠ. ಒಂದಿನ ಹೆಂಡ್ತಿ ಕೇಳಿದ್ಳು, ರೀ ನೀವು ಜಪ ಮಾಡಿ ಎಷ್ಟು ದಿನ ಆಯ್ತು ಅಂತ. ಮಾಲೆ ಮೇಲೆ ಧೂಳು ಕೂತಿತ್ತು. ಮೆನು ಕಾರ್ಡ್ ಓದಿ ಓದಿ ಹೊಟ್ಟೆ ತುಂಬಿದೆ ಅಂದ್ಕೊಂಡಿದ್ದೆ.

ಇನ್ನೊಂದು ವಿಷ್ಯ, ಆ ವಿಡಿಯೋ ಯಾವುದ್ರ ಪಕ್ಕದಲ್ಲಿ ಬರತ್ತೆ ನೋಡಿ. ಒಂದು ಭಜನೆ, ಕೆಳಗೆ ಎಳೆದ್ರೆ ಬಿರಿಯಾನಿ, ಮತ್ತೆ ಎಳೆದ್ರೆ ಯಾರೋ ಯಾರಿಗೋ ಹೊಡೀತಿರೋದು, ಮತ್ತೆ ಎಳೆದ್ರೆ ಅಭಿಷೇಕ. ಮುಂದೆ ಏನ್ ಬರತ್ತೋ ಗೊತ್ತಿಲ್ಲ ಅನ್ನೋ ಕುತೂಹಲವೇ ಬೆರಳನ್ನ ಎಳೆಸೋದು, ದೇವರು ಅಲ್ಲಿ ಒಂದು ಐಟಂ ಅಷ್ಟೆ. ಪ್ರವಚನ ಕೇಳ್ಬೇಕು ಅಂದ್ರೆ ಒಂದು ಪೂರ್ತಿ ಪ್ರವಚನ ಆರಿಸ್ಕೊಂಡು, ಅಡುಗೆ ಮಾಡ್ತಾನೋ ವಾಕಿಂಗಲ್ಲೋ, ಮೊದಲಿಂದ ಕೊನೇವರೆಗೂ ಕೇಳಿ. ಬೋರ್ ಆದ ಕಡೆ ಕೂಡ ಕೇಳಿ.

ಮತ್ತೆ ಆ ಶುಭೋದಯ ಫೋಟೋಗಳು. ಸೂರ್ಯ, ಗುಲಾಬಿ, ಗಣೇಶ, ಕೆಳಗೆ ಒಂದು ಬುದ್ಧಿಮಾತು. ನಮ್ಮ ಅಮ್ಮಂಗೆ ಅದು ನಾನು ಬದುಕಿದೀನಿ ಅಂತ ಹೇಳೋ ರೀತಿ, ಹಂಗಾಗಿ ಬೈಯ್ಯಲ್ಲ. ಅಂಥ ಗ್ರೂಪುಗಳನ್ನ ವಾಟ್ಸಾಪಲ್ಲಿ ಆರ್ಕೈವ್ ಮಾಡಿಡಿ, ಸಂಜೆ ಒಂದ್ಸಲ ನೋಡಿ ಕೈಮುಗಿಯೋ ಗೊಂಬೆ ಹಾಕಿದ್ರಾಯ್ತು, ಯಾರಿಗೂ ಬೇಜಾರಿಲ್ಲ.

ಪ್ರಶ್ನೆ: ದೇವಸ್ಥಾನದಲ್ಲಿ ಫೋಟೋ ತೆಗೆದ್ರೆ ತಪ್ಪಾ?

ತಪ್ಪು ಸರಿ ನನಗೆ ಗೊತ್ತಿಲ್ಲ, ನಷ್ಟ ಗೊತ್ತು. ನಮ್ಮನೆಯಿಂದ ನಡೆಯೋ ದೂರದಲ್ಲಿ ಗವಿಗಂಗಾಧರೇಶ್ವರ. ಸಂಕ್ರಾಂತಿ ಸಂಜೆ ಸೂರ್ಯನ ಕಿರಣ ಒಳಗೆ ಬಂದು, ನಂದಿ ಕೊಂಬಿನ ಮಧ್ಯೆ ಹಾದು, ಗುಹೆ ಒಳಗಿರೋ ಲಿಂಗದ ಮೇಲೆ ಬೀಳತ್ತೆ, ಸ್ವಲ್ಪ ಹೊತ್ತು ಅಷ್ಟೆ. ಒಂದು ವರ್ಷ ನೂಕುನುಗ್ಗಲಲ್ಲಿ ಹೆಂಗೋ ತೂರಿಕೊಂಡು ಹೋಗಿದ್ದೆ, ಆ ಗಳಿಗೆ ಬಂತು, ನಾನು ಫೋನಲ್ಲಿ ಫೋಕಸ್ ಸರಿ ಮಾಡ್ತಿದ್ದೆ. ವಿಡಿಯೋ ಬಂದಿದೆ. ಮುಂದಿನೋರ ಕೈ, ಅವ್ರ ಫೋನು, ಅದ್ರೊಳಗೆ ಒಂದು ಬಿಳೀ ಚುಕ್ಕೆ.

ಪ್ರಶ್ನೆ: ದಿನಕ್ಕೆ ಮೂರು ಗಂಟೆ ಟ್ರಾಫಿಕಲ್ಲೇ ಹೋಗತ್ತೆ. ಆಗ ಮಾಡಬಹುದಾ?

ಮೆಟ್ರೋ, ಬಸ್ಸು ಆದ್ರೆ ಧಾರಾಳವಾಗಿ. ನೇರಳೆ ಮಾರ್ಗದಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಹೋಗೋರು ನಮ್ಮ ಗುಂಪಲ್ಲೇ ಒಬ್ರಿದಾರೆ, ಒಂದೊಂದು ನಿಲ್ದಾಣಕ್ಕೆ ಒಂದು ಮಾಲೆ ಅಂತ ಶುರು ಮಾಡಿ ಆಗ್ಲಿಲ್ಲ, ನಿಲ್ದಾಣ ಬೇಗ ಬೇಗ ಬರತ್ತೆ. ಈಗ ಸುಮ್ನೆ ಉಸಿರಿನ ಜೊತೆ ನಾಮ ಸೇರಿಸ್ಕೊಂಡು ನಿಂತಿರ್ತಾರೆ, ಮುಂದಿನ ನಿಲ್ದಾಣ ಅಂತ ಅನೌನ್ಸ್ ಮಾಡಿದಾಗೆಲ್ಲ ಮನಸ್ಸು ಎಲ್ಲಿದೆ ಅಂತ ನೋಡ್ಕೋತಾರೆ. ನನಗಂತೂ ಇದು ಬಹಳ ಇಷ್ಟ ಆಯ್ತು, ಪುಕ್ಕಟೆ ಮೇರುಮಣಿ.

ಬೈಕು ಕಾರು ಓಡಿಸ್ತಾ ಧ್ಯಾನ ಬೇಡ. ಸಿಲ್ಕ್ ಬೋರ್ಡಲ್ಲಿ ಕಣ್ಣು ರೋಡ್ ಮೇಲಿರ್ಲಿ, ಹಾರ್ನ್ ಹೊಡೀದೇ ಇದ್ರೆ ಅದೇ ತಪಸ್ಸು.

ಪ್ರಶ್ನೆ: ಫೋನ್ ಬಿಟ್ಟು ಒಂದಿನ ಇರೋಕೆ ಟ್ರೈ ಮಾಡ್ದೆ, ಆಗ್ಲಿಲ್ಲ.

ಭಾನುವಾರ ಅಂತ ಇಟ್ಕೊಂಡ್ರೆ ಆಗಲ್ಲ, ಭಾನುವಾರನೇ ಎಲ್ರೂ ಫೋನ್ ಮಾಡೋದು. ನಾನು ಏಕಾದಶಿಗೆ ಕಟ್ಕೊಂಡಿದೀನಿ. ತಿಂಗಳಿಗೆ ಎರಡು ಬರತ್ತೆ, ಪಂಚಾಂಗದಲ್ಲೇ ಇರತ್ತೆ, ನಾನು ತೀರ್ಮಾನ ಮಾಡೋ ಹಂಗೇ ಇಲ್ಲ. ಕರೆ ಬಂದ್ರೆ ತಗೋತೀನಿ, ಯುಪಿಐ ಇಲ್ದೆ ಈ ಊರಲ್ಲಿ ಸೊಪ್ಪು ಕೂಡ ಸಿಗಲ್ಲ ಅದೂ ಸರಿ, ಆದ್ರೆ ಸ್ಕ್ರೋಲ್ ಮಾಡೋ ಯಾವುದೂ ಇಲ್ಲ. ಹೊಟ್ಟೆಗೆ ಉಪವಾಸ ಅಂದ್ಬಿಟ್ಟು ಅವಲಕ್ಕಿ ಉಪ್ಪಿಟ್ಟು ಎರಡು ಸಲ ಹೊಡಿಯೋದಕ್ಕಿಂತ ಇದು ಗಟ್ಟಿ ಉಪವಾಸ ಅಂತ ನನ್ನ ಅನಿಸಿಕೆ, ಅಮ್ಮ ಒಪ್ಪಲ್ಲ. ದ್ವಾದಶಿ ಬೆಳಗ್ಗೆ ಪಾರಣೆ ಥರ ಫೋನ್ ಮೇಲೆ ಬೀಳ್ತೀನಿ ಅನ್ನೋದೂ ನಿಜ. ಮೊದಮೊದಲು 300 ಮೆಸೇಜ್ ನೋಡಿ ಗಾಬರಿ ಆಗೋದು, ಈಗ ಗೊತ್ತಾಗಿದೆ, ಅದ್ರಲ್ಲಿ ನನಗೆ ಅಂತ ಬಂದಿರೋದು ನಾಲ್ಕು.

ನನ್ನ ಥರ ಆನ್‌ಕಾಲ್ ಇರೋರು ಡು ನಾಟ್ ಡಿಸ್ಟರ್ಬಲ್ಲಿ ಆಫೀಸ್ ನಂಬರು, ಮನೆಯೋರ ನಂಬರು ಮಾತ್ರ ಬಿಡಿ. ಉಳಿದಿದ್ದು ಕಾಯತ್ತೆ.

ಪ್ರಶ್ನೆ: ಮನೇಲಿ ನಗ್ತಾರೆ. ಈಗ್ಲೇ ಸನ್ಯಾಸಿ ಆಗ್ತೀಯಾ ಅಂತಾರೆ.

ಪಾತ್ರೆ ತೊಳೆದಿಟ್ಟು ಆಮೇಲೆ ಕೂರಿ. ನಗಲ್ಲ.

ಪ್ರಶ್ನೆ: ಪಕ್ಕದ ಸೈಟಲ್ಲಿ ಕಟ್ಟಡ ಕಟ್ತಿದಾರೆ, ಎದುರುಗಡೆ ಪೆಂಡಾಲಲ್ಲಿ ಲೌಡ್ ಸ್ಪೀಕರ್. ಎಲ್ಲಿ ಕೂರೋದು?

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಲೌಡ್ ಸ್ಪೀಕರ್ ಹಾಕೋ ಹಂಗಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿದೆ, 112ಕ್ಕೆ ಫೋನ್ ಮಾಡಬಹುದು. ಹಗಲಿನ ಸದ್ದಿಗೆ ನನ್ನ ಹತ್ರ ಉಪಾಯ ಇಲ್ಲ, ಅದನ್ನೇ ಕೇಳಿಸ್ಕೊಂಡು ಕೂರ್ತೀನಿ, ಡ್ರಿಲ್ ನಿಂತಾಗ ಬರೋ ಮೌನ ಇದ್ಯಲ್ಲ ಅದು ಬಹಳ ಚೆನ್ನಾಗಿರತ್ತೆ.

ಹೊರಗಡೆ ಜಾಗ ಬೇಕು ಅಂದ್ರೆ: ಬಸವನಗುಡಿ ರಾಮಕೃಷ್ಣ ಆಶ್ರಮ, 1904ರಿಂದ ಇದೆ, 1911ರಲ್ಲಿ ಶಾರದಾದೇವಿಯವರು ಬಂದಾಗ ಕೂತಿದ್ದ ಬಂಡೆ ಇನ್ನೂ ಅಲ್ಲೇ ಇದೆ, ಸಂಜೆ ಆರತಿ ಆದ್ಮೇಲೆ ಜನ ಸುಮ್ನೆ ಕೂತಿರ್ತಾರೆ, ಯಾರೂ ಯಾರನ್ನೂ ಮಾತಾಡಿಸಲ್ಲ. ಗಾಂಧಿನಗರದ ಮಹಾಬೋಧಿ ಸೊಸೈಟಿ, ಮೆಜೆಸ್ಟಿಕ್ ಗದ್ದಲದ ಅಷ್ಟು ಹತ್ರ ಅಂಥ ಜಾಗ ಇದೆ ಅಂತ ನಂಬಕ್ಕಾಗಲ್ಲ. ಮತ್ತೆ ಲಾಲ್‌ಬಾಗ್ ಬಂಡೆ. ಕೆಂಪೇಗೌಡ ಗೋಪುರ ಇದ್ಯಲ್ಲ ಅದು. ಸುಮಾರು 300 ಕೋಟಿ ವರ್ಷದ ಕಲ್ಲಂತೆ. ಅದ್ರ ಮೇಲೆ ಬೆಳಗ್ಗೆ 6ಕ್ಕೆ ಕೂತು ನಾನು ಸ್ಟ್ಯಾಂಡಪ್ ಮೀಟಿಂಗಿಗೆ ಐದು ನಿಮಿಷ ಲೇಟಾಗ್ತೀನಿ ಅಂತ ಯೋಚ್ನೆ ಮಾಡಿದೀನಿ, ಕಲ್ಲು ಏನೂ ಅಂದಿಲ್ಲ.

ಪ್ರಶ್ನೆ: ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿಬಂದ್ರೆ ಸರಿಹೋಗತ್ತಾ?

ನಾನು ಒಂದ್ಸಲ ಹೋಗಿದೀನಿ. ಫೋನು, ಪುಸ್ತಕ, ಪೆನ್ನು ಎಲ್ಲ ಕೊಟ್ಬಿಡ್ಬೇಕು, ಬೆಳಗ್ಗೆ 4ಕ್ಕೆ ಗಂಟೆ ಹೊಡೀತಾರೆ, ಮಾತಿಲ್ಲ, ಫೀಸಿಲ್ಲ, ಹಿಂದೆ ಮಾಡಿ ಹೋದೋರು ಕೊಟ್ಟ ದಾನದಲ್ಲಿ ನಡೆಯತ್ತೆ. ಒಳ್ಳೆ ಅನುಭವ. ಮೂರನೇ ದಿನದವರೆಗೂ ಖಾಲಿ ಜೇಬಿಗೆ ಕೈ ಹೋಗ್ತಾನೇ ಇತ್ತು, ತೊಡೆ ಮೇಲೆ ವೈಬ್ರೇಟ್ ಆದಂಗೆ ಅನ್ಸೋದು. ಆದ್ರೆ ವಾಪಸ್ ಬರೋವಾಗ ತುಮಕೂರು ರೋಡಲ್ಲೇ ಫೋನ್ ಆನ್ ಮಾಡಿ, ಯಶವಂತಪುರ ಬರೋಷ್ಟರಲ್ಲಿ ಕತ್ತು ಬಗ್ಗಿತ್ತು. ಹೋಗಿ, ಬೇಡ ಅನ್ನಲ್ಲ. ಸರ್ವಿಸಿಂಗಿಗೆ ಬಿಟ್ಟ ಗಾಡೀನ ದಿನಾ ಓಡ್ಸೋದು ನಾವೇ ತಾನೆ. ಮಾನಸಿಕ ತೊಂದರೆಗೆ ಔಷಧಿ ತಗೋತಿರೋರು ಮೊದಲು ಡಾಕ್ಟರನ್ನ ಕೇಳಿ, ಶಿಬಿರದೋರಿಗೂ ಮುಚ್ಚಿಡ್ಬೇಡಿ.

ಪ್ರಶ್ನೆ: ಪೂಜೆ, ಜಪ ಯಾವುದ್ರಲ್ಲೂ ಮನಸ್ಸಿಲ್ಲ. ಊಟನೂ ಬೇಡ, ನಿದ್ದೆನೂ ಇಲ್ಲ.

ಇದು ಏಕಾಗ್ರತೆ ಪ್ರಶ್ನೆ ಅಲ್ಲ. ದಯವಿಟ್ಟು ಇನ್ನೊಂದು ವ್ರತ ಹಿಡೀಬೇಡಿ, ಜಾತಕ ತೋರಿಸಕ್ಕೆ ಓಡ್ಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದ್ರೂ, ದುಡ್ಡಿಲ್ಲ. ಫೋನ್ ಚಟಾನೇ ಕೈಮೀರಿದೆ, ಮಗ ರಾತ್ರಿಯೆಲ್ಲ ಗೇಮ್ ಆಡ್ತಾನೆ ಅಂಥದ್ದಿದ್ರೆ ನಿಮ್ಹಾನ್ಸಲ್ಲಿ ಅದಕ್ಕೇ ಅಂತ ಶಟ್ ಕ್ಲಿನಿಕ್ 2014ರಲ್ಲೇ ಶುರು ಮಾಡಿದಾರೆ. ನಮ್ಮ ಗುಂಪಲ್ಲಿ ಒಬ್ರು ಜಪದ ಜೊತೆ ಮಾತ್ರೆನೂ ತಗೋತಾರೆ, ದೇವರು ಕೋಪ ಮಾಡ್ಕೊಂಡಿಲ್ಲ.

ಪ್ರಶ್ನೆ: ಮೂರು ತಿಂಗಳು ತಪ್ಪಿಹೋಯ್ತು. ಮತ್ತೆ ಶುರು ಮಾಡಕ್ಕೆ ಒಳ್ಳೇ ದಿನ ಯಾವುದು?

ಇವತ್ತು ಸಂಜೆ. ರಾಹುಕಾಲ ಇದ್ರೂ ಪರವಾಗಿಲ್ಲ.

ಪ್ರಶ್ನೆ: ನಿಮ್ಮ ಭಾನುವಾರಕ್ಕೆ ಬರಬಹುದಾ? ಏನು ತರ್ಬೇಕು?

ಬನ್ನಿ, ಗುಂಪಲ್ಲಿ ಯಾರಾದ್ರೂ ಪರಿಚಯ ಇದ್ರೆ ಅವ್ರ ಜೊತೆ ಬನ್ನಿ. ಚಾಪೆ ನಾವೇ ಹಾಕ್ತೀವಿ, ಮಂಡಿ ನೋವಿದ್ರೆ ಕುರ್ಚಿ ಇದೆ, ನಾಚಿಕೆ ಬೇಡ. ಬಾಗಿಲ ಹತ್ರ ಒಂದು ದೊಡ್ಡ ಸ್ಟೀಲ್ ಡಬ್ಬ ಇಟ್ಟಿರ್ತೀವಿ, ಫೋನ್ ಅದ್ರೊಳಗೆ ಹಾಕಿ ಮುಚ್ಚಳ ಮುಚ್ಚಬೇಕು. ಅದು ಮೊದಲು ಅಮ್ಮನ ಚಕ್ಕುಲಿ ಡಬ್ಬ ಆಗಿತ್ತು, ಎಷ್ಟು ತೊಳೆದ್ರೂ ವಾಸನೆ ಹೋಗಿಲ್ಲ, ಹಂಗಾಗಿ ಸೋಮವಾರ ಆಫೀಸಲ್ಲಿ ಫೋನ್ ಕಿವಿಗಿಟ್ಟಾಗ ಎಳ್ಳು ಓಂಕಾಳಿನ ವಾಸನೆ ಬಂದ್ರೆ ಹೆದರ್ಬೇಡಿ.